ಲಾನ್ ಕತ್ತರಿಸಿದ ಮೇಲೆ ಉಳಿಯುವ ಹುಲ್ಲು: ಎಲ್ಲಿ ಬಿಡಬೇಕು, ಯಾವಾಗ ಎತ್ತಬೇಕು, ಗೊಬ್ಬರ ಹೇಗೆ ಮಾಡಬೇಕು

ಮುಂಗಾರು ಹಿಡಿಯಿತೆಂದರೆ ಬೆಂಗಳೂರು, ಮೈಸೂರು ಕಡೆಯ ಮನೆಯಂಗಳದ ಲಾನ್ ವಾರ ಹತ್ತು ದಿನಕ್ಕೊಮ್ಮೆ ಕತ್ತರಿ ಕೇಳುತ್ತದೆ. ಕತ್ತರಿಸಿದ ಹುಲ್ಲನ್ನು ಗುಡಿಸಿ, ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಗೇಟಿನ ಪಕ್ಕ ಇಡುವುದೇ ಬಹಳ ಮನೆಗಳ ರೂಢಿ. ಮಾರನೇ ದಿನಕ್ಕೆ ಆ ಚೀಲ ಮುಟ್ಟಿದರೆ ಬೆಚ್ಚಗಿರುತ್ತದೆ, ಬಿಚ್ಚಿದರೆ ಹುಳಿ ನಾತ. ಅದೇ ವಾರ ಅದೇ ಲಾನಿಗೆಂದು ಯೂರಿಯಾ, ಎರೆಗೊಬ್ಬರ ಕೊಂಡು ತರುತ್ತೇವೆ. ಚೀಲದಲ್ಲಿ ಕಟ್ಟಿ ಹೊರಗೆ ಕಳಿಸಿದ್ದೂ ಸಾರಜನಕ, ದುಡ್ಡು ಕೊಟ್ಟು ಒಳಗೆ ತಂದದ್ದೂ ಸಾರಜನಕ.

ಲೆಕ್ಕ ಹಾಕಿ ನೋಡಿ. ಆಗತಾನೇ ಕತ್ತರಿಸಿದ ಹುಲ್ಲಿನಲ್ಲಿ ನೂರಕ್ಕೆ 75ರಿಂದ 85 ಪಾಲು ನೀರು. 10 ಕೆ.ಜಿ. ಹಸಿ ಹುಲ್ಲು ಒಣಗಿದರೆ ಸುಮಾರು 2 ಕೆ.ಜಿ. ಚೆನ್ನಾಗಿ ಬೆಳೆದ ಲಾನಿನ ಹುಲ್ಲಾದರೆ ಆ ಒಣ ತೂಕದಲ್ಲಿ ಶೇ. 4ರ ಆಸುಪಾಸು ಸಾರಜನಕ, ಅಂದರೆ 80 ಗ್ರಾಂ. ಯೂರಿಯಾದಲ್ಲಿ ಸಾರಜನಕ ಶೇ. 46, ಹಾಗಾಗಿ ಆ 80 ಗ್ರಾಂ ಸುಮಾರು 170 ಗ್ರಾಂ ಯೂರಿಯಾಕ್ಕೆ ಸಮ. ಜೊತೆಗೆ ಪೊಟ್ಯಾಷ್ ಇದೆ, ಸ್ವಲ್ಪ ರಂಜಕವಿದೆ. ವರ್ಷವಿಡೀ ಹುಲ್ಲನ್ನು ಹಾಸಿನಲ್ಲೇ ಬಿಟ್ಟರೆ ಲಾನಿಗೆ ಬೇಕಾದ ಸಾರಜನಕದಲ್ಲಿ ಸುಮಾರು ಕಾಲು ಭಾಗ ಅದರಿಂದಲೇ ಸಿಗುತ್ತದೆ.

ಹುಲ್ಲಿನಲ್ಲಿ ನೀರು ಹೆಚ್ಚು, ಸಾರಜನಕವೂ ಹೆಚ್ಚು. ಹೀಗಿರುವ ವಸ್ತುವನ್ನು ತೆಳ್ಳಗೆ ಹರಡಿದರೆ ಗಾಳಿಯಾಡಿ ಒಂದೆರಡು ವಾರದಲ್ಲಿ ಮಣ್ಣಿಗೆ ಸೇರುತ್ತದೆ. ರಾಶಿ ಹಾಕಿದರೆ ಚೂರುಗಳು ಒಂದಕ್ಕೊಂದು ಅಂಟಿ, ನಡುವೆ ಗಾಳಿ ಇಲ್ಲದಂತಾಗಿ, ಕಾವು ಏರಿ ಕೊಳೆಯುತ್ತದೆ. ಮುಂದೆ ಹೇಳುವ ಎಲ್ಲ ಅಳತೆ, ಎಲ್ಲ ಎಚ್ಚರಿಕೆಯ ಹಿಂದೆ ಇರುವುದು ಈ ಒಂದೇ ಕಾರಣ.

ಕತ್ತರಿಸುವ ಮೊದಲೇ ಅರ್ಧ ಕೆಲಸ

ಕತ್ತರಿಸಿದ ಹುಲ್ಲು ತಲೆನೋವಾಗುವುದು ಬಹುಮಟ್ಟಿಗೆ ತಡವಾಗಿ ಕತ್ತರಿಸಿದ್ದರಿಂದ. ಒಂದು ಸಲಕ್ಕೆ ಎಲೆಯ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. 3 ಸೆಂ.ಮೀ. ಎತ್ತರಕ್ಕೆ ಉಳಿಸಿಕೊಳ್ಳಬೇಕಾದರೆ 4.5 ಸೆಂ.ಮೀ. ಆದಾಗ ಕತ್ತರಿಸಿ, 4 ಉಳಿಸಬೇಕಾದರೆ 6 ಆದಾಗ. ಹೀಗೆ ಮಾಡಿದರೆ ಬೀಳುವ ಚೂರು ಒಂದೂವರೆ, ಎರಡು ಸೆಂ.ಮೀ. ಉದ್ದ ಇರುತ್ತದೆ. ಅದು ಎಲೆಗಳ ಸಂದಿಯಲ್ಲಿ ಇಳಿದು ಬುಡ ಸೇರುತ್ತದೆ, ಮೇಲಿಂದ ಕಾಣುವುದೇ ಇಲ್ಲ. ಮೂರು ವಾರ ಬಿಟ್ಟು, 10 ಸೆಂ.ಮೀ. ಬೆಳೆದದ್ದನ್ನು ಒಂದೇ ಸಲ 3ಕ್ಕೆ ಇಳಿಸಿದರೆ 7 ಸೆಂ.ಮೀ. ಉದ್ದದ ಚೂರು ಎಲೆಗಳ ಮೇಲೆ ಚಾಪೆಯಂತೆ ಬೀಳುತ್ತದೆ, ಕೆಳಗಿನ ಹುಲ್ಲಿಗೂ ಪೆಟ್ಟು.

ಯಾವ ಹುಲ್ಲಿಗೆ ಎಷ್ಟು ಎತ್ತರ? ಗರಿಕೆ ಜಾತಿಯ ಬರ್ಮುಡಾ ಲಾನಿಗೂ ನರ್ಸರಿಗಳಲ್ಲಿ ಮೆಕ್ಸಿಕನ್ ಗ್ರಾಸ್ ಅಂತ ಮಾರುವ ಸಣ್ಣೆಲೆಯ ಹುಲ್ಲಿಗೂ ಮನೆಮಟ್ಟಿಗೆ 2.5ರಿಂದ 4 ಸೆಂ.ಮೀ. ಸರಿ. ಬಫಲೋ ಗ್ರಾಸ್ ಅನ್ನುವ ಅಗಲ ಎಲೆಯ ಹುಲ್ಲು, ನೆರಳಿನಲ್ಲಿ ಹಾಕುವ ಕಾರ್ಪೆಟ್ ಗ್ರಾಸ್, ಇವಕ್ಕೆ 4ರಿಂದ 6. ಬರ್ಮುಡಾ ಮಳೆಗಾಲದಲ್ಲಿ 7–10 ದಿನಕ್ಕೊಮ್ಮೆ ಕತ್ತರಿಸಲೇಬೇಕು. ಮೆಕ್ಸಿಕನ್ ನಿಧಾನಿ, ಎರಡು ವಾರ, ಕೆಲವೊಮ್ಮೆ ಮೂರು ವಾರ ತಡೆಯುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಎಲ್ಲದರ ಓಟವೂ ಕುಂಠಿತ.

ಬ್ಲೇಡ್ ಚೂಪಾಗಿರಬೇಕು. ಕತ್ತರಿಸಿದ ಮಾರನೇ ದಿನ ಬಗ್ಗಿ ಒಂದು ಎಲೆಯ ತುದಿ ನೋಡಿ. ನೇರವಾಗಿ ತುಂಡಾಗಿದ್ದರೆ ಬ್ಲೇಡ್ ಸರಿಯಿದೆ. ತುದಿ ನಾರುನಾರಾಗಿ ಹರಿದು, ಬಿಳಿಚಿಕೊಂಡು, ಮೂರ್ನಾಲ್ಕು ದಿನದಲ್ಲಿ ಇಡೀ ಲಾನ್ ಕಂದು ಹೊಗೆ ಹಾಯ್ದಂತೆ ಕಂಡರೆ ಬ್ಲೇಡ್ ಮೊಂಡು. ಮೊಂಡು ಬ್ಲೇಡ್ ಹುಲ್ಲನ್ನು ಕತ್ತರಿಸುವ ಬದಲು ಜಜ್ಜುತ್ತದೆ. ಜಜ್ಜಿದ ಹುಲ್ಲು ರಸ ಬಿಟ್ಟು ಮುದ್ದೆ ಕಟ್ಟುತ್ತದೆ, ಗಾಯವಾದ ತುದಿಯಲ್ಲಿ ಬೂಷ್ಟು ರೋಗ ಸುಲಭವಾಗಿ ಹಿಡಿಯುತ್ತದೆ. 20–25 ಗಂಟೆ ಓಡಿಸಿದ ಮೇಲೆ ಒಮ್ಮೆ ಸಾಣೆ ಹಿಡಿಸಿ.

ಮಷೀನ್ ಯಾವುದು ಅನ್ನುವುದರ ಮೇಲೂ ಮುಂದಿನ ಕೆಲಸ ನಿಂತಿದೆ. ಕೈಯಲ್ಲಿ ತಳ್ಳುವ ಸಿಲಿಂಡರ್ ಮೂವರ್ ಚೂರುಗಳನ್ನು ತೆಳ್ಳಗೆ ಉದುರಿಸುತ್ತದೆ, ಹಾಸಿನಲ್ಲೇ ಬಿಡಲು ಇದಕ್ಕಿಂತ ಒಳ್ಳೆಯದು ಬೇರೆ ಬೇಡ. ಕರೆಂಟಿನ ಅಥವಾ ಪೆಟ್ರೋಲಿನ ರೋಟರಿ ಮೂವರ್‌ನಲ್ಲಿ ಬ್ಯಾಗ್ ತೆಗೆದು ಓಡಿಸಬಹುದು. ಮಲ್ಚಿಂಗ್ ಪ್ಲಗ್ ಬಂದಿದ್ದರೆ ಹಾಕಿಕೊಳ್ಳಿ. ಅದು ಹುಲ್ಲು ಹೊರಗೆ ಹೋಗುವ ಬಾಯಿ ಮುಚ್ಚಿ, ಅದೇ ಚೂರನ್ನು ಬ್ಲೇಡಿಗೆ ಎರಡು ಮೂರು ಸಲ ಸಿಗುವಂತೆ ಮಾಡುತ್ತದೆ. ಬ್ಯಾಗ್ ತೆಗೆದು ಓಡಿಸುವಾಗ ಹಿಂದಿನ ಮುಚ್ಚಳ ಕೆಳಗಿಳಿದಿರಲೇಬೇಕು, ಇಲ್ಲದಿದ್ದರೆ ಕಲ್ಲು ಕಾಲಿಗೆ ಹಾರುತ್ತದೆ. ಬ್ರಷ್ ಕಟರ್ ಕಥೆ ಬೇರೆ. ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಾಗಿ ಅದನ್ನೇ ಬಳಸುತ್ತಾರೆ. ಅದು ಬುಡದಲ್ಲಿ ಕೊಚ್ಚಿ ಉದ್ದುದ್ದ ಹುಲ್ಲನ್ನು ಹಾಗೇ ಮಲಗಿಸುತ್ತದೆ. ಅದನ್ನು ಬಿಡಲು ಬರುವುದಿಲ್ಲ, ಎತ್ತಲೇಬೇಕು. ಅನಿವಾರ್ಯವಾದರೆ ಮೊದಲು ಮೇಲಿನ ಅರ್ಧ, ಆಮೇಲೆ ಕೆಳಗಿನದು ಅಂತ ಎರಡು ಹಂತದಲ್ಲಿ ಹೊಡೆಸಿ.

ಶುರು ಮಾಡುವ ಮೊದಲು ಲಾನಿನ ಮೇಲೆ ಒಂದು ಸುತ್ತು ನಡೆದು ಚಾಕೊಲೇಟ್ ಕಾಗದ, ಗಾಜಿನ ಚೂರು, ಮೊಳೆ, ನಾಯಿ ಹೇಲು ಎತ್ತಿಬಿಡಿ. ಒಮ್ಮೆ ಮಷೀನಿಗೆ ಸಿಕ್ಕಿದ ಪ್ಲಾಸ್ಟಿಕ್ ಮತ್ತೆ ಬೇರ್ಪಡಿಸಲು ಆಗದು, ಆ ಹುಲ್ಲು ಗೊಬ್ಬರಕ್ಕೂ ಬಾರದು ದನಕ್ಕೂ ಬಾರದು.

ಹಾಸಿನಲ್ಲೇ ಬಿಡುವ ಕ್ರಮ

ವರ್ಷದ ಹೆಚ್ಚಿನ ಸಲ ಇದೇ ಸರಿಯಾದ ದಾರಿ. ಬೆಳಗಿನ ಇಬ್ಬನಿ ಆರಿದ ಮೇಲೆ, ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ಶುರು ಮಾಡಿ. ಹುಲ್ಲಿನ ಮೇಲೆ ಅಂಗೈ ಸವರಿದರೆ ಕೈ ಒದ್ದೆಯಾಗಬಾರದು. ಒದ್ದೆ ಹುಲ್ಲು ಮಷೀನಿನ ಹೊಟ್ಟೆಗೆ ಅಂಟಿ, ಮುದ್ದೆಯಾಗಿ ಅಲ್ಲಲ್ಲಿ ಬೀಳುತ್ತದೆ. ಕರೆಂಟ್ ಮೂವರ್ ಆದರೆ ಒದ್ದೆ ಹುಲ್ಲಿನಲ್ಲಿ ಓಡಿಸುವುದು ಅಪಾಯವೂ ಹೌದು.

ಒಂದು ಸಲ ಉದ್ದಕ್ಕೆ ಓಡಿಸಿ. ಸಾಲುಸಾಲಾಗಿ ಹುಲ್ಲು ಬಿದ್ದದ್ದು ಕಂಡರೆ ಅದೇ ಎತ್ತರದಲ್ಲಿ ಇನ್ನೊಂದು ಸಲ ಅಡ್ಡಕ್ಕೆ ಓಡಿಸಿ. ಸಾಲು ಒಡೆದು ಹರಡುತ್ತದೆ. ಆಮೇಲೂ ಉಳಿದ ಮುದ್ದೆಗಳನ್ನು ತೆಂಗಿನ ಕಡ್ಡಿಯ ಪೊರಕೆಯಿಂದ ಗುಡಿಸದೆ, ನಿಂತಲ್ಲೇ ಹೊಡೆದು ಚದುರಿಸಿ. ಅರ್ಧ ಗಂಟೆ ಬಿಟ್ಟು ನಿಂತು ನೋಡಿ: ನಿಂತಿರುವ ಹುಲ್ಲಿನ ತುದಿ ಎಲ್ಲೆಡೆ ಕಾಣಬೇಕು. ಎಲ್ಲಾದರೂ ಬಿದ್ದ ಹುಲ್ಲೇ ಕಂಡು ನಿಂತ ಹುಲ್ಲು ಮುಚ್ಚಿದ್ದರೆ ಅಷ್ಟನ್ನು ಎತ್ತಿ ಗಿಡದ ಬುಡಕ್ಕೋ ಗೊಬ್ಬರದ ಗೂಡಿಗೋ ಹಾಕಿ. ಮುದ್ದೆ ಎರಡು ಮೂರು ದಿನ ಕೂತರೆ ಕೆಳಗಿನ ಹುಲ್ಲು ಹಳದಿಯಾಗುತ್ತದೆ, ವಾರವಾದರೆ ಆ ಜಾಗ ಬೋಳು.

ಸಂಜೆ ಹೇಗೂ ನೀರು ಹಾಯಿಸುವ ದಿನವಾದರೆ ಹಗುರವಾಗಿ ಹಾಯಿಸಿ, ಚೂರುಗಳು ಬುಡಕ್ಕೆ ಇಳಿಯುತ್ತವೆ. ಹಾಸುಗಲ್ಲಿನ ದಾರಿ, ಗೇಟಿನ ಮುಂದಿನ ಇಳಿಜಾರು, ರಸ್ತೆ ಬದಿಗೆ ಹಾರಿದ ಹುಲ್ಲನ್ನು ಮಾತ್ರ ಅವತ್ತೇ ಗುಡಿಸಿ ಮತ್ತೆ ಲಾನಿಗೇ ಹಾಕಿ. ಮಳೆ ಬಿದ್ದರೆ ಕಲ್ಲಿನ ಮೇಲಿನ ಹುಲ್ಲು ಲೋಳೆಯಂತಾಗುತ್ತದೆ, ವಯಸ್ಸಾದವರ ಕಾಲು, ಸ್ಕೂಟರಿನ ಚಕ್ರ ಎರಡೂ ಜಾರುತ್ತವೆ. ಮಳೆನೀರು ಚರಂಡಿಗೆ ಹೋದ ಹುಲ್ಲು ಕಟ್ಟಿಕೊಳ್ಳುವುದಲ್ಲದೆ, ಅದರ ಸಾರಜನಕ, ರಂಜಕ ಕೆರೆ ಸೇರಿ ಪಾಚಿ ಬೆಳೆಸುತ್ತದೆ. ಮನೆಯಲ್ಲಿ ಇಂಗುಗುಂಡಿ ಮಾಡಿಸಿದ್ದರೆ ಅದರ ಬಾಯಿಗೆ ಹುಲ್ಲು ಹೋಗದಂತೆ ನೋಡಿಕೊಳ್ಳಿ. ಜಲ್ಲಿಯ ಸಂದಿಯಲ್ಲಿ ಕೊಳೆತು ಕೆಸರಾದರೆ ನೀರು ಇಂಗುವುದು ನಿಲ್ಲುತ್ತದೆ.

ಹೀಗೆ ಬಿಡುವುದು ರೂಢಿಯಾದ ಮೇಲೆ ಗೊಬ್ಬರ ಕಡಿಮೆ ಮಾಡಬೇಕು. ಮೊದಲು ಹಾಕುತ್ತಿದ್ದ ಸಾರಜನಕದಲ್ಲಿ ಕಾಲು ಭಾಗ ಇಳಿಸಿ. ಇಳಿಸದಿದ್ದರೆ ಹುಲ್ಲು ಇನ್ನೂ ಜೋರಾಗಿ ಬೆಳೆದು, ಇನ್ನೂ ಹೆಚ್ಚು ಹುಲ್ಲು ಬಿದ್ದು, ಕೆಲಸ ಹೆಚ್ಚುತ್ತದೆ. ಇದನ್ನು ಯಾರೂ ಹೇಳುವುದಿಲ್ಲ, ಆದರೆ "ಬಿಟ್ಟು ನೋಡಿದೆವು, ಸರಿಹೋಗಲಿಲ್ಲ" ಅನ್ನುವವರಲ್ಲಿ ಬಹಳ ಮಂದಿ ಎಡವಿದ್ದು ಇಲ್ಲೇ.

"ಹುಲ್ಲು ಬಿಟ್ಟರೆ ಮೆತ್ತೆ ಕಟ್ಟುತ್ತದೆ" ಅನ್ನುವ ಮಾತು

ಲಾನ್ ಕೆಲಸ ಮಾಡುವ ಮಾಲಿಗಳೂ ಈ ಮಾತು ಹೇಳುತ್ತಾರೆ. ಮೆತ್ತೆ ಅಂದರೆ ಹಸಿರಿಗೂ ಮಣ್ಣಿಗೂ ನಡುವೆ ಕಟ್ಟುವ ಕಂದು ನಾರಿನ ಪದರ. ಅದು ನಿಜಕ್ಕೂ ಕೇಡು. ಆದರೆ ಅದು ಕತ್ತರಿಸಿದ ಎಲೆಯ ತುದಿಗಳಿಂದ ಆಗುವುದಲ್ಲ. ಎಲೆ ಮೆದು, ಬೇಗ ಕಳಿಯುತ್ತದೆ. ಮೆತ್ತೆ ಆಗುವುದು ಹುಲ್ಲಿನ ಬಳ್ಳಿ, ಗೆಣ್ಣು, ಬೇರುಗಳಿಂದ. ಅವುಗಳಲ್ಲಿ ಲಿಗ್ನಿನ್ ಅನ್ನುವ ಗಡಸು ಅಂಶ ಹೆಚ್ಚು, ಕಳಿಯಲು ತಿಂಗಳುಗಟ್ಟಲೆ ಬೇಕು. ಅತಿಯಾದ ಸಾರಜನಕ, ದಿನಾ ಮೇಲೆ ಮೇಲೆ ನೀರು, ಗಟ್ಟಿ ಮಣ್ಣು, ಇವು ಮೆತ್ತೆಯನ್ನು ದಪ್ಪ ಮಾಡುತ್ತವೆ.

ಅನುಮಾನವಿದ್ದರೆ ಕತ್ತರಿಸಿಯೇ ನೋಡಿ. ಹಳೆಯ ಅಡುಗೆ ಚಾಕುವನ್ನು ಲಾನಿಗೆ 8 ಸೆಂ.ಮೀ. ಆಳ ಚುಚ್ಚಿ, ಕಲ್ಲಂಗಡಿ ಹಣ್ಣು ಹಣ್ಣಾಗಿದೆಯೋ ಅಂತ ತ್ರಿಕೋನ ತೆಗೆದು ನೋಡುವ ಹಾಗೆ ಒಂದು ತುಂಡು ಎತ್ತಿ. ಮೇಲೆ ಹಸಿರು, ಕೆಳಗೆ ಮಣ್ಣು, ನಡುವೆ ತೆಂಗಿನ ನಾರಿನಂಥ ಕಂದು ಪದರ ಕಾಣುತ್ತದೆ. ಬೆರಳಲ್ಲಿ ಒತ್ತಿದರೆ ಸ್ಪಂಜಿನಂತೆ ತಗ್ಗಿ ಮೇಲೇಳುತ್ತದೆ. ಅದರ ದಪ್ಪ 1 ಸೆಂ.ಮೀ. ಒಳಗಿದ್ದರೆ ಒಳ್ಳೆಯದೇ, ತೇವ ಹಿಡಿದಿಡುತ್ತದೆ. ಹುಲ್ಲನ್ನು ಧೈರ್ಯವಾಗಿ ಬಿಡಿ. ಒಂದೂವರೆ ಸೆಂ.ಮೀ. ದಾಟಿದ್ದರೆ ಮೊದಲು ಮೆತ್ತೆ ತೆಗೆಯಬೇಕು, ಏಕೆಂದರೆ ಮೇಲಿಂದ ಬಿದ್ದ ಚೂರು ಆ ಪದರದಲ್ಲೇ ಸಿಕ್ಕಿಕೊಳ್ಳುತ್ತದೆ, ಮಣ್ಣು ಮುಟ್ಟುವುದಿಲ್ಲ. ಮಳೆಗಾಲದ ಆರಂಭದಲ್ಲಿ ಕಬ್ಬಿಣದ ಹಲ್ಲಿನ ರೇಕ್‌ನಿಂದ ಕೆರೆದು ತೆಗೆಯಿರಿ, ಮುಳ್ಳುಗೋಲಿನಿಂದ 7–8 ಸೆಂ.ಮೀ. ಆಳದ ತೂತು ಹಾಕಿ, ಜರಡಿ ಹಿಡಿದ ಗೊಬ್ಬರ ಹರಡಿ. ಗುಡ್ಡಗುಡ್ಡವಾಗಿ ಉಬ್ಬುವ ಮೆಕ್ಸಿಕನ್ ಗ್ರಾಸ್‌ನಲ್ಲಿ ಈ ಪರೀಕ್ಷೆ ವರ್ಷಕ್ಕೊಮ್ಮೆ ಮಾಡಲೇಬೇಕು. ಚಾಕುವಿನ ತುಂಡನ್ನು ಮತ್ತೆ ಅದೇ ಕುಳಿಗೆ ಕೂರಿಸಿ ಕಾಲಲ್ಲಿ ಒತ್ತಿ ನೀರು ಹಾಕಿದರೆ ಕಲೆ ಉಳಿಯುವುದಿಲ್ಲ.

ಎತ್ತಲೇಬೇಕಾದ ದಿನಗಳು

ವಾರಗಟ್ಟಲೆ ಜಡಿಮಳೆ ಹಿಡಿದು ಹುಲ್ಲು ಮಿತಿಮೀರಿ ಬೆಳೆದಾಗ ಎತ್ತಬೇಕು. ಲಾನಿನಲ್ಲಿ ರೋಗ ಕಂಡಾಗಲೂ ಅಷ್ಟೇ. ಉಂಗುರದಂತೆ ಹಬ್ಬುವ ಕಂದು ಪಟ್ಟೆ, ನಾಣ್ಯದಗಲದ ಹುಲ್ಲುಬಣ್ಣದ ಚುಕ್ಕೆಗಳು, ಕೈಗೆ ಕಿತ್ತಳೆ ಪುಡಿ ಅಂಟುವ ತುಕ್ಕು ರೋಗ ಇವು ಗುರುತು. ಆಗ ರೋಗದ ಜಾಗವನ್ನು ಕೊನೆಗೆ ಕತ್ತರಿಸಿ, ಅಲ್ಲಿಯ ಹುಲ್ಲನ್ನು ಎತ್ತಿ, ಬ್ಲೇಡ್ ಒರೆಸಿ ಒಣಗಿಸಿ. ಎರಡು ಮೂರು ಕತ್ತರಿಕೆಯಲ್ಲಿ ಹೊಸ ಪಟ್ಟೆ ಕಾಣದಿದ್ದರೆ ಮತ್ತೆ ಬಿಡಲು ಶುರು ಮಾಡಿ.

ಕಳೆ ಬೀಜ ಕಟ್ಟಿದಾಗ, ಅದರಲ್ಲೂ ಬದಿಯಲ್ಲಿ ಕಾಂಗ್ರೆಸ್ ಗಿಡ ಹೂಬಿಟ್ಟಿದ್ದರೆ, ಅದನ್ನು ಮೊದಲೇ ಕೈಗವಸು ಹಾಕಿ ಬೇರು ಸಮೇತ ಕಿತ್ತು ಬೇರೆ ಇಡಿ, ಆಮೇಲೆ ಮಷೀನ್ ಓಡಿಸಿ. ಹೊಸದಾಗಿ ಹಾಕಿದ ಲಾನಿನಲ್ಲಿ, ಅಂದರೆ ಬೇರು ಇನ್ನೂ ಹಿಡಿಯುತ್ತಿರುವ ಮೊದಲ ಎರಡು ಕತ್ತರಿಕೆಯಲ್ಲಿ ಕೂಡ ಎತ್ತುವುದು ಮೇಲು.

ಎತ್ತುವಾಗ ಬ್ಯಾಗ್ ಮುಕ್ಕಾಲು ತುಂಬಿದೊಡನೆ ಖಾಲಿ ಮಾಡಿ. ತುಂಬ ತುಂಬಿದರೆ ಗಾಳಿ ಓಡಾಡದೆ ಹಿಂದಿನಿಂದ ಉದುರುತ್ತದೆ. ರೇಕ್‌ನಿಂದ ಎಳೆಯುವವರು ಹಳೆಯ ಸೀರೆ ಅಥವಾ ಟಾರ್ಪಾಲ್ ಹಾಸಿ ಅದರ ಮೇಲೆ ಎಳೆದುಕೊಂಡರೆ ನಾಲ್ಕು ಮೂಲೆ ಹಿಡಿದು ಒಯ್ಯಬಹುದು. ಪ್ಲಾಸ್ಟಿಕ್ ಚೀಲ ಬೇಡ. ಎತ್ತಿದ ಹುಲ್ಲನ್ನು ಅವತ್ತೇ ಹರಡಬೇಕು, ಇಲ್ಲವೇ ಒಣ ಎಲೆಯೊಂದಿಗೆ ಬೆರೆಸಬೇಕು. ಮೂರನೆಯ ದಾರಿ ಇಲ್ಲ. ಮೊಣಕಾಲೆತ್ತರದ ರಾಶಿ ಮಾಡಿ ಸಂಜೆಗೆ ಕೈ ಒಳಗಿಟ್ಟು ನೋಡಿ. ಮೇಲೆ ತಣ್ಣಗಿರುತ್ತದೆ, ಒಂದು ಗೇಣು ಒಳಗೆ ಹೋದರೆ ಬಿಸಿನೀರಿನ ಹಬೆಯ ಹಾಗೆ ಕಾವು, ಬೆರಳಿಗೆ ಅಂಟುವ ರಸ. ಆರೇಳು ಗಂಟೆಯಲ್ಲಿ ಇಷ್ಟಾದರೆ ಮೂರು ದಿನದಲ್ಲಿ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಒಣಗಿಸಿ ಗಿಡದ ಬುಡಕ್ಕೆ ಹೊದಿಸುವುದು

ಎತ್ತಿದ ಹುಲ್ಲಿಗೆ ಅತಿ ಸುಲಭದ ಬಳಕೆ ಇದು. ಟಾರ್ಪಾಲಿನ ಮೇಲೆ ಎರಡು ಮೂರು ಸೆಂ.ಮೀ. ದಪ್ಪಕ್ಕೆ ಹರಡಿ, ಬಿಸಿಲಿನಲ್ಲಿ ದಿನಕ್ಕೆ ಎರಡು ಸಲ ಕೈಯಾಡಿಸಿ. ಒಳ್ಳೆಯ ಬಿಸಿಲಿದ್ದರೆ ಎರಡು ದಿನದಲ್ಲಿ ಹಸಿರು ಹೋಗಿ, ಹಿಡಿದು ಹಿಸುಕಿದರೆ ಗರಗರ ಅನ್ನುತ್ತದೆ. ಹೀಗೆ ಒಣಗಿದ್ದನ್ನು ಹೂಗಿಡ, ತರಕಾರಿ ಮಡಿ, ಗುಲಾಬಿ, ದಾಳಿಂಬೆ ಬುಡಕ್ಕೆ 5ರಿಂದ 7 ಸೆಂ.ಮೀ. ದಪ್ಪ ಹೊದಿಸಬಹುದು. ಕಾಂಡದಿಂದ 8–10 ಸೆಂ.ಮೀ. ಜಾಗ ಬಿಡಿ, ಇಲ್ಲದಿದ್ದರೆ ಕಾಂಡದ ಸಿಪ್ಪೆ ತೇವದಲ್ಲಿ ಕೊಳೆಯುತ್ತದೆ. ಮೊದಲು ನೀರು ಹಾಕಿ ಆಮೇಲೆ ಹೊದಿಸಿ.

ಹಸಿಯಾಗಿಯೇ ಹಾಕಬೇಕೆಂದರೆ 2 ಸೆಂ.ಮೀ. ಮೀರಬೇಡಿ. ಅದು ಒಣಗಿ ಕಂದಾದ ಮೇಲೆ ಮುಂದಿನ ಪದರ. ದಪ್ಪಕ್ಕೆ ಹಾಕಿದ ಹಸಿ ಹುಲ್ಲು ಮೇಲೆ ಹಪ್ಪಳದಂತೆ ಒಣಗಿ ನೀರನ್ನು ಒಳಗೆ ಬಿಡುವುದಿಲ್ಲ, ಕೆಳಗೆ ಲೋಳೆ. ಮಳೆಗೆ ತೋಯ್ದೂ ಗಿಡ ಬಾಡಿದ್ದರೆ ಹೊದಿಕೆಯನ್ನು ಬೆರಳಲ್ಲಿ ಎತ್ತಿ ನೋಡಿ, ಕೆಳಗಿನ ಮಣ್ಣು ಒಣಗಿರುತ್ತದೆ.

ಗರಿಕೆ ಜಾತಿಯ ಲಾನಿನವರಿಗೆ ಒಂದು ಖಾಸಾ ಎಚ್ಚರಿಕೆ. ತೀರ ಬುಡಕ್ಕೆ ಕತ್ತರಿಸಿದಾಗ ಎಲೆಯ ಜೊತೆ ಗೆಣ್ಣಿರುವ ಬಳ್ಳಿಯ ತುಂಡುಗಳೂ ಬರುತ್ತವೆ. ಒಂದು ಗೆಣ್ಣಿದ್ದರೆ ಸಾಕು, ತೇವ ಸಿಕ್ಕಿದಲ್ಲಿ ಬೇರು ಬಿಡುತ್ತದೆ. ಟೊಮೆಟೊ ಮಡಿಗೆ ಹೊದಿಸಿದ್ದು ತಿಂಗಳಲ್ಲಿ ಗರಿಕೆಯ ಮಡಿಯಾದೀತು. ಅದಕ್ಕೇ ಪೂರ್ತಿ ಒಣಗಿಸದೆ ಹಾಕಬೇಡಿ.

ಮಳೆಗಾಲದಲ್ಲಿ ಹೊದಿಕೆ ಒದ್ದೆಯಾಗಿಯೇ ಇದ್ದರೆ ಅಡಿಯಲ್ಲಿ ಆಫ್ರಿಕನ್ ಬಸವನಹುಳು ಅಡಗುತ್ತದೆ, ರಾತ್ರಿ ಎದ್ದು ಎಳೆ ಗಿಡ ಮೇಯುತ್ತದೆ. ಆಗ ಹೊದಿಕೆಯನ್ನು 2–3 ಸೆಂ.ಮೀ.ಗೆ ಇಳಿಸಿ, ಸಂಜೆ ಟಾರ್ಚ್ ಹಿಡಿದು ಕೈಗವಸು ಹಾಕಿ ಹುಳು ಆರಿಸಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬೇಸಿಗೆಯಲ್ಲಿ ಗೆದ್ದಲು ಬಂದರೆ ಹೊದಿಕೆ ತೆಗೆದು ಮಣ್ಣು ಕೆದಕಿ ನೀರು ಹಾಯಿಸಿ, ವಾರ ಬಿಟ್ಟು ತೆಳ್ಳಗೆ ಮತ್ತೆ ಹಾಕಿ. ತೆಂಗಿನ ಮರವಿದ್ದರೆ ಅದರ ಬುಡದ ಸುತ್ತ 1.8 ಮೀಟರ್ ವರೆಗಿನ ಪಾತಿಗೆ ಬಹಳ ಹುಲ್ಲು ಹಿಡಿಯುತ್ತದೆ. ಅಲ್ಲೂ ಹರಡಿ, ಗುಡ್ಡೆ ಹಾಕಬೇಡಿ. ಕಾರಣ ಮುಂದೆ ಬರುತ್ತದೆ.

ಕಳೆನಾಶಕ ಹೊಡೆದ ಲಾನ್

ಅಗಲೆಲೆ ಕಳೆಗೆಂದು 2,4-ಡಿ ಹೊಡೆದಿದ್ದರೆ ಮುಂದಿನ ಮೂರ್ನಾಲ್ಕು ಕತ್ತರಿಕೆಯ ಹುಲ್ಲನ್ನು ಗಿಡದ ಬುಡಕ್ಕೆ ಹಾಕಲೇಬಾರದು. ಟೊಮೆಟೊ, ಬದನೆ, ಮೆಣಸಿನಕಾಯಿ, ಬೀನ್ಸ್, ದ್ರಾಕ್ಷಿ ಇವು ಅಷ್ಟಿಷ್ಟು ಉಳಿಕೆಗೂ ಎಲೆ ಸುರುಳಿ ಸುತ್ತಿ, ಚಿಗುರು ಹಗ್ಗದಂತೆ ತಿರುಚಿಕೊಳ್ಳುತ್ತವೆ. ಆ ಹುಲ್ಲಿಗೆ ಸರಿಯಾದ ಜಾಗ ಲಾನ್‌ ಒಂದೇ, ಅಲ್ಲೇ ಬಿಡಿ. ಡಬ್ಬಿಯ ಮೇಲೆ ಬರೆದ ಅವಧಿ ಇದಕ್ಕಿಂತ ಉದ್ದವಿದ್ದರೆ ಅದನ್ನೇ ಪಾಲಿಸಿ.

ಅಪಾರ್ಟ್‌ಮೆಂಟಿನಲ್ಲಿ, ಬೇರೆ ಮನೆಯಿಂದ ತಂದ ಹುಲ್ಲಿನಲ್ಲಿ ಏನು ಹೊಡೆದಿದ್ದಾರೆ ತಿಳಿಯದು. ಆಗ ಗೊಬ್ಬರ ಆದ ಮೇಲೆ ಪರೀಕ್ಷೆ ಮಾಡಬಹುದು. ಎರಡು ಪಾಲು ಮಣ್ಣಿಗೆ ಒಂದು ಪಾಲು ಆ ಗೊಬ್ಬರ ಬೆರೆಸಿ ಮೂರು ಕುಂಡಕ್ಕೆ, ಬರೀ ಮಣ್ಣನ್ನು ಇನ್ನು ಮೂರು ಕುಂಡಕ್ಕೆ ತುಂಬಿ, ಎಲ್ಲದರಲ್ಲೂ ಬೀನ್ಸ್ ಬೀಜ ಹಾಕಿ. ಮೂರು ವಾರದಲ್ಲಿ ಮೂರೆಲೆಯ ದಳ ಬಿಟ್ಟಾಗ ಗೊಬ್ಬರದ ಕುಂಡದಲ್ಲಿ ಮಾತ್ರ ಎಲೆ ದೊನ್ನೆಯಂತೆ ಮಡಚಿದ್ದರೆ ಆ ಗೊಬ್ಬರ ತರಕಾರಿಗೆ ಬೇಡ, ಲಾನಿಗೆ ಹಾಕಿ.

ಗೊಬ್ಬರ ಮಾಡುವುದು

ಹುಲ್ಲೊಂದನ್ನೇ ಗುಂಡಿಗೆ ತುಂಬಿದರೆ ಗೊಬ್ಬರ ಆಗುವುದಿಲ್ಲ. ಅದರಲ್ಲಿ ಇಂಗಾಲ ಸಾರಜನಕದ 15–20 ಪಟ್ಟು ಮಾತ್ರ. ಸೂಕ್ಷ್ಮಜೀವಿಗಳಿಗೆ 25–30 ಪಟ್ಟು ಬೇಕು. ಕೊರತೆಯನ್ನು ಒಣ ಎಲೆ ತುಂಬುತ್ತದೆ, ಅದರಲ್ಲಿ 40ರಿಂದ 80 ಪಟ್ಟು ಇಂಗಾಲ. ಎಲೆಯ ಇನ್ನೊಂದು ದೊಡ್ಡ ಉಪಕಾರ, ಹುಲ್ಲಿನ ಚೂರುಗಳ ನಡುವೆ ಸಂದಿ ಉಳಿಸಿ ಗಾಳಿ ಬಿಡುವುದು.

ನಮ್ಮಲ್ಲಿರುವ ತೊಡಕು ಕಾಲದ್ದು. ಹುಲ್ಲು ಯಥೇಚ್ಛ ಸಿಗುವುದು ಜೂನ್‌ನಿಂದ ನವೆಂಬರ್. ಹೊಂಗೆ, ಬಾದಾಮಿ, ಮಳೆಮರ ಎಲೆ ಉದುರಿಸುವುದು ಜನವರಿಯಿಂದ ಮಾರ್ಚ್. ಒಂದು ಸಿಕ್ಕುವಾಗ ಇನ್ನೊಂದಿಲ್ಲ. ಅದಕ್ಕೆ ಬೇಸಿಗೆಯ ತರಗೆಲೆಯನ್ನು ಗೋಣಿಚೀಲದಲ್ಲಿ ತುಂಬಿ ಇಡಬೇಕು. ಎಷ್ಟು? 10 ಕೆ.ಜಿ. ಹಸಿ ಹುಲ್ಲು ಸಡಿಲವಾಗಿ ಸುಮಾರು 50 ಲೀಟರ್ ಜಾಗ ಹಿಡಿಯುತ್ತದೆ, ಅದಕ್ಕೆ 100ರಿಂದ 150 ಲೀಟರ್ ಒಣ ಎಲೆ ಬೇಕು. ಮಳೆಗಾಲದಲ್ಲಿ ಐದು ಸಲ ಹುಲ್ಲು ಎತ್ತುತ್ತೀರಿ ಎಂದಿಟ್ಟುಕೊಂಡರೆ ಎಂಟು ಹತ್ತು ಚೀಲ. ಮೂವರ್‌ನ ಬ್ಯಾಗ್ ಹಾಕಿ ಒಣ ಎಲೆಯ ಮೇಲೆ ಒಮ್ಮೆ ಓಡಿಸಿದರೆ ಎಲೆ ಪುಡಿಯಾಗಿ ಚೀಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಕಳಿಯುವುದೂ ಬೇಗ. ಚೀಲಗಳನ್ನು ಇಟ್ಟಿಗೆಯ ಮೇಲೆ, ಮಳೆ ಬೀಳದ ಕಡೆ ಇಡಿ. ಎಲೆ ಇಲ್ಲವೇ ಇಲ್ಲ ಅನ್ನುವವರು ಹರಿದ ರಟ್ಟು, ಬಣ್ಣ ಬಳಿಯದ ಮರದ ಹೊಟ್ಟು, ತೆಂಗಿನ ನಾರಿನ ಪುಡಿ ಬಳಸಬಹುದು. ಆದರೆ ಹೊಟ್ಟು ಮತ್ತು ನಾರಿನ ಪುಡಿ ಗಾಳಿ ಬಿಡುವುದು ಕಮ್ಮಿ, ಜೊತೆಗೆ ಕಡ್ಡಿ ಸೇರಿಸಬೇಕು.

ಇನ್ನು ಗೂಡು. 1 ಮೀಟರ್ ಎತ್ತರ, 3.3 ಮೀಟರ್ ಉದ್ದದ ತಂತಿ ಜಾಲರಿಯನ್ನು ಸುತ್ತಿ ಎರಡು ತುದಿ ಕಟ್ಟಿದರೆ ಸುಮಾರು 1 ಮೀಟರ್ ಅಡ್ಡಳತೆಯ ಗೂಡು ಸಿದ್ಧ. ಇದಕ್ಕಿಂತ ಬಹಳ ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ. ನೀರು ನಿಲ್ಲದ, ಅರೆನೆರಳಿನ ಜಾಗ ಆರಿಸಿ.

1. ತಳದಲ್ಲಿ 15 ಸೆಂ.ಮೀ. ಕಡ್ಡಿ, ತೆಂಗಿನ ಗರಿಯ ತುಂಡು ಹಾಕಿ. ಗಾಳಿ ಕೆಳಗಿನಿಂದ ಬರಬೇಕು.

2. ಒಣ ಎಲೆಯನ್ನು ಹಿಂದಿನ ರಾತ್ರಿಯೇ ನೆನೆಸಿ. ಒಣಗಿದ ಹೊಂಗೆ ಎಲೆಯ ಮೇಲೆ ನೀರು ಸುರಿದರೆ ಜಾರಿ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ.

3. ಎರಡು ಮಂಕರಿ ಎಲೆಗೆ ಒಂದು ಮಂಕರಿ ಹುಲ್ಲು ಹಾಕಿ ಕೈಯಿಂದಲೇ ಬೆರೆಸಿ, ಗೂಡಿಗೆ ತುಂಬಿ. ಹುಲ್ಲು ಬಹಳ ಹಸಿಯಾಗಿದ್ದರೆ ಎಲೆ ಮೂರು ಮಂಕರಿ. ಪದರ ಪದರವಾಗಿ ಹಾಕಿ ಬಿಡುವುದು ಹಲವರ ರೂಢಿ, ಆದರೆ ಹುಲ್ಲಿನ ಪದರ ಹಾಗೇ ಕೂತು ಚಾಪೆಯಾಗುತ್ತದೆ. ಬೆರೆಸಲೇಬೇಕು.

4. ಪ್ರತಿ 20 ಸೆಂ.ಮೀ.ಗೆ ಒಂದು ಚೊಂಬು ಸಗಣಿ ನೀರು ಚಿಮುಕಿಸಿ. 10 ಲೀಟರ್ ನೀರಿಗೆ 3 ಕೆ.ಜಿ. ಹಸಿ ಸಗಣಿ. ಸಗಣಿ ಸಿಗದಿದ್ದರೆ ಒಂದು ಬಾಂಡ್ಲಿ ಹಳೆಯ ಕಳಿತ ಗೊಬ್ಬರ ಸಾಕು.

5. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆಯಾಗಿ ಸುರಿದರೆ ಇನ್ನಷ್ಟು ಒಣ ಎಲೆ. ಹನಿಯೇ ಇಲ್ಲ, ಮುಷ್ಟಿ ಬಿಟ್ಟರೆ ಉದುರುತ್ತದೆ ಎಂದರೆ ಇನ್ನಷ್ಟು ನೀರು.

6. ಗೂಡು ಬಾಯಿಮಟ್ಟ ತುಂಬಿದ ಮೇಲೆ ಒಂದು ಗೇಣು ಎಲೆ ಹಾಕಿ, ಮೇಲೆ ಗೋಣಿ, ಅದರ ಮೇಲೆ ಮಳೆ ತಡೆಯಲು ಟಾರ್ಪಾಲ್ ತುಂಡು. ಪಕ್ಕಗಳನ್ನು ಮುಚ್ಚಬೇಡಿ.

ಮೂರನೇ ದಿನ ಕಬ್ಬಿಣದ ಸರಳೊಂದನ್ನು ನಡುಮಧ್ಯಕ್ಕೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಹೊರಗೆಳೆದು ಹಿಡಿಯಿರಿ. ಕೈ ಸುಟ್ಟಂತಾಗಿ ಹಿಡಿಯಲಾಗದಿದ್ದರೆ ಒಳಗೆ 55ರಿಂದ 65 ಡಿಗ್ರಿ ಇದೆ, ಸರಿಯಾದ ದಾರಿಯಲ್ಲಿದ್ದೀರಿ. ಈ ಕಾವು ಮೂರು ದಿನ ನಿಂತರೆ ಹೆಚ್ಚಿನ ಕಳೆಬೀಜ, ರೋಗಾಣು ಸಾಯುತ್ತವೆ. ಆದರೆ ಹೊರಬದಿಯದ್ದು ಬಿಸಿಯಾಗಿರುವುದಿಲ್ಲ, ಅದಕ್ಕಾಗಿಯೇ ಮಗುಚುವುದು. ಐದಾರು ದಿನಕ್ಕೆ ಸರಳು ತಣ್ಣಗಾಗತೊಡಗಿದಾಗ ಜಾಲರಿ ಬಿಚ್ಚಿ ಪಕ್ಕದಲ್ಲಿ ನಿಲ್ಲಿಸಿ, ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ಮತ್ತೆ ತುಂಬಿ. ವಾರಕ್ಕೊಮ್ಮೆಯಂತೆ ಇನ್ನೂ ಎರಡು ಮೂರು ಸಲ. ಆಮೇಲೆ ಸುಮ್ಮನೆ ಬಿಡಿ. ಎರಡೂವರೆ, ಮೂರು ತಿಂಗಳಲ್ಲಿ ರಾಶಿ ಮೂರನೇ ಒಂದು ಪಾಲಿಗೆ ಇಳಿದು, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಜೇಕು ಅನ್ನುವ ಕಳೆಯ ಗಡ್ಡೆಯನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಗೂಡಿನ ಕಾವಿನಿಂದ ಅದು ಸಾಯುತ್ತದೆಂದು ನಂಬಲಾಗದು. ಗೊಬ್ಬರದ ಜೊತೆ ಅಂಗಳವಿಡೀ ಹಬ್ಬುತ್ತದೆ.

ಮೂಗೇ ಒಳ್ಳೆಯ ಮೀಟರ್. ಅಮೋನಿಯಾದ ಘಾಟು ಕಣ್ಣಿಗೆ ಹೊಡೆದರೆ ಹುಲ್ಲು ಹೆಚ್ಚಾಗಿದೆ, ಸಾರಜನಕ ಗಾಳಿಗೆ ಹೋಗುತ್ತಿದೆ. ಎಲೆ ಸೇರಿಸಿ ಮಗುಚಿ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಇಲ್ಲ, ನೀರು ಹೆಚ್ಚು. ಬಿಚ್ಚಿ ಅರ್ಧ ದಿನ ಹರಡಿ, ಕಡ್ಡಿ ಸೇರಿಸಿ ಮತ್ತೆ ತುಂಬಿ. ವಾಸನೆಯೂ ಇಲ್ಲ, ಕಾವೂ ಇಲ್ಲ, ಇರುವೆ ಗೂಡು ಕಟ್ಟಿದೆ ಎಂದರೆ ಒಣಗಿದೆ. ಒದ್ದೆಯಿದ್ದೂ ಕಾವೇರದಿದ್ದರೆ ರಾಶಿ ಚಿಕ್ಕದು, ಇಲ್ಲವೇ ಹುಲ್ಲು ಸಾಲದು.

ಮಗುಚುವಾಗ ಹೆಬ್ಬೆರಳ ಗಾತ್ರದ, ಬಿಳಿ ಮೈ ಕಂದು ತಲೆಯ, ಮುದುಡಿ ಮಲಗಿದ ಗೊಣ್ಣೆಹುಳು ಸಿಗಬಹುದು. ತಣ್ಣಗಾದ ರಾಶಿಯಲ್ಲಿ ಅದು ಹೆಚ್ಚಾಗಿ ಕುರುವಾಯಿ ದುಂಬಿಯ, ಅಂದರೆ ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿ. ತೆಂಗು ಇರುವ ಕಡೆ, ಕರಾವಳಿಯಲ್ಲಂತೂ, ಇದನ್ನು ಉಪೇಕ್ಷಿಸಬಾರದು. ಒಂದೊಂದನ್ನೂ ಆರಿಸಿ ಕೋಳಿಗೆ ಹಾಕಿ. ಬಹಳ ಇದ್ದರೆ ಮೆಟಾರೈಜಿಯಂ ಅನ್ನುವ ಶಿಲೀಂಧ್ರದ ಪುಡಿ ಕೃಷಿ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ರಾಶಿಗೆ ಬೆರೆಸುವುದು ರೂಢಿಯಲ್ಲಿರುವ ಉಪಾಯ. ತೆಂಗಿನ ಬುಡದಲ್ಲಿ ಗುಡ್ಡೆ ಬೇಡ ಎಂದದ್ದು ಇದಕ್ಕೇ.

ಎರೆಹುಳು ತೊಟ್ಟಿ ಇರುವವರು ಹಸಿ ಹುಲ್ಲನ್ನು ನೇರ ಹಾಕಬೇಡಿ, ಕಾವಿಗೆ ಹುಳುಗಳು ಸಾಯುತ್ತವೆ. ಎಲೆಯೊಂದಿಗೆ 15–20 ದಿನ ಹೊರಗೇ ಕಳಿಯಲು ಬಿಟ್ಟು, ಪೂರ್ತಿ ತಣ್ಣಗಾದ ಮೇಲೆ ಹಾಕಿ. ಬಕೆಟ್ಟಿನಲ್ಲಿ ಹುಲ್ಲು ನೆನೆಹಾಕಿ ದ್ರವಗೊಬ್ಬರ ಮಾಡುವ ವಿಧಾನವೂ ಇದೆ. ಮನೆಯ ಹತ್ತಿರ ಅದನ್ನು ಶಿಫಾರಸು ಮಾಡಲು ಮನಸ್ಸಾಗದು: ಸಹಿಸಲಾಗದ ನಾತ, ಮುಚ್ಚಳ ಸರಿಯಿಲ್ಲದಿದ್ದರೆ ಸೊಳ್ಳೆ.

ಆದ ಗೊಬ್ಬರವನ್ನು 1 ಸೆಂ.ಮೀ. ಕಣ್ಣಿನ ಜರಡಿಯಲ್ಲಿ ಹಿಡಿಯಿರಿ. ಒಂದು ಗೂಡಿನಿಂದ 250 ಲೀಟರಿನಷ್ಟು ಸಿಗುತ್ತದೆ. ಲಾನಿಗೆ 3 ಮಿ.ಮೀ. ದಪ್ಪ ಹರಡಲು 100 ಚದರ ಮೀಟರಿಗೆ 300 ಲೀಟರ್ ಬೇಕು. ಅಂದರೆ ಸಾಧಾರಣ ಮನೆಯ ಲಾನಿಗೆ ವರ್ಷಕ್ಕೊಂದು ಗೂಡು ಹೆಚ್ಚುಕಡಿಮೆ ಸರಿಹೋಗುತ್ತದೆ. ಹರಡಿ, ಪೊರಕೆಯಿಂದ ಎಲೆಯ ಸಂದಿಗೆ ಇಳಿಸಿ, ನೀರು ಹಾಯಿಸಿ. ಜರಡಿಯಲ್ಲಿ ಉಳಿದ ದಪ್ಪ ಚೂರನ್ನು ಮುಂದಿನ ಗೂಡಿಗೆ ಹೆಪ್ಪಿನಂತೆ ಹಾಕಿ.

ದನಕ್ಕೆ ಹಾಕಬಹುದೇ?

ಪಕ್ಕದಲ್ಲಿ ಹಸು ಸಾಕಿದವರಿದ್ದರೆ ಈ ಪ್ರಶ್ನೆ ಬಂದೇ ಬರುತ್ತದೆ. ಔಷಧಿ, ರಾಸಾಯನಿಕ ಗೊಬ್ಬರ ಏನೂ ಹಾಕದ ಲಾನ್ ಎಂಬುದು ಖಚಿತವಿದ್ದರೆ, ಕತ್ತರಿಸಿದ ಗಂಟೆಯೊಳಗೆ, ಒಣಹುಲ್ಲಿನ ಜೊತೆ ಬೆರೆಸಿ ಸ್ವಲ್ಪ ಕೊಡಬಹುದು. ಸಣ್ಣ ಚೂರನ್ನು ದನ ಸರಿಯಾಗಿ ಅಗಿಯದೆ ನುಂಗುತ್ತದೆ, ಹೊಟ್ಟೆಯಲ್ಲಿ ಬೇಗ ಹುದುಗಿ ಉಬ್ಬರವಾಗುತ್ತದೆ. ರಾಶಿಯಲ್ಲಿ ಬೆಚ್ಚಗಾದ ಹುಲ್ಲು, ಎಣ್ಣೆ ಪೆಟ್ರೋಲ್ ತಾಗಿದ ಹುಲ್ಲು ಖಂಡಿತ ಬೇಡ. ಕುದುರೆಗಂತೂ ಲಾನಿನ ಚೂರು ಕೊಡಲೇಬಾರದು, ಹೊಟ್ಟೆಶೂಲೆ ಬರುತ್ತದೆ. ಬೇಲಿಯಲ್ಲಿ ಕಣಗಿಲೆ ಇದ್ದರೆ ಅದರ ಎಲೆ ನಾಲ್ಕು ಬೆರೆತರೂ ಜೀವಕ್ಕೆ ಅಪಾಯ. ಅಂಥ ಅಂಗಳದ ಹುಲ್ಲನ್ನು ಯಾರ ಕೊಟ್ಟಿಗೆಗೂ ಕಳಿಸಬೇಡಿ.

ಹೊರಗೆ ಹಾಕಬೇಕಾಗಿ ಬಂದಾಗ

ಕೇಂದ್ರದ 2016ರ ಘನತ್ಯಾಜ್ಯ ನಿಯಮಗಳು ತೋಟದ ಕಸವನ್ನು ಮನೆಯಾವರಣದಲ್ಲೇ ಬೇರೆಯಾಗಿ ಇಟ್ಟು, ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕೆಂದವು. ಬೀದಿ, ಚರಂಡಿ, ಕೆರೆಗೆ ಎಸೆಯುವುದನ್ನೂ ಹೊರಗೆ ಸುಡುವುದನ್ನೂ ನಿಷೇಧಿಸಿದವು. ಅಡುಗೆಮನೆಯ ಹಸಿಕಸದ ಬಕೆಟ್ಟಿಗೆ ಹುಲ್ಲು ತುರುಕಬೇಡಿ. ಕೊಡಲೇಬೇಕಾದರೆ ಎರಡು ದಿನ ಒಣಗಿಸಿ ಗೋಣಿಚೀಲದಲ್ಲಿ ಕೊಡಿ. 10 ಕೆ.ಜಿ. ಭಾರ 2 ಕೆ.ಜಿ.ಗೆ ಇಳಿದಿರುತ್ತದೆ, ಎತ್ತುವ ಪೌರಕಾರ್ಮಿಕರ ಬೆನ್ನಿಗೂ ಮೂಗಿಗೂ ಅಷ್ಟು ಹಗುರ.

ಕೊನೆಗೆ ಮಷೀನ್. ಕರೆಂಟಿನದಾದರೆ ಪ್ಲಗ್ ಕಿತ್ತು, ಪೆಟ್ರೋಲಿನದಾದರೆ ಸ್ಪಾರ್ಕ್ ಪ್ಲಗ್ಗಿನ ವೈರ್ ಬಿಡಿಸಿಯೇ ಮಗುಚಬೇಕು. ಪೆಟ್ರೋಲ್ ಮಷೀನನ್ನು ಏರ್ ಫಿಲ್ಟರ್ ಮೇಲೆ ಬರುವಂತೆ ವಾಲಿಸಿ, ಇಲ್ಲದಿದ್ದರೆ ಆಯಿಲ್ ಫಿಲ್ಟರಿಗೆ ಇಳಿಯುತ್ತದೆ. ಹೊಟ್ಟೆಗೆ ಅಂಟಿದ ಹುಲ್ಲನ್ನು ಮರದ ಚಕ್ಕೆಯಿಂದ ಹಸಿಯಿರುವಾಗಲೇ ಕೆರೆಯಿರಿ, ಒಣಗಿದರೆ ಸಿಮೆಂಟಿನಂತೆ ಕೂರುತ್ತದೆ ಮತ್ತು ತಗಡು ತುಕ್ಕು ಹಿಡಿಯುತ್ತದೆ. ಕರೆಂಟ್ ಮೂವರ್‌ಗೆ ಪೈಪಿನಿಂದ ನೀರು ಬಿಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ಯಾಗನ್ನು ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಅದರ ಬಲೆಯ ಕಣ್ಣು ಕಟ್ಟಿದ್ದರೆ ಮುಂದಿನ ಸಲ ಮಷೀನ್ ಹುಲ್ಲನ್ನು ಎಳೆದುಕೊಳ್ಳುವುದೇ ಇಲ್ಲ.